ಬಾಲದಿಂದ ಎದೆಗೆ ನೀಲಿ ದಾರಿ

ಆ ದಿನ ಮಧ್ಯಾಹ್ನದ ಊಟವಾದ ಮೇಲೆ ನನ್ನ ಗಂಡ ಚಾರ್ಟಿನ ಮೀನಿಗೆ ಬಲಗಡೆ ಬಣ್ಣ ತುಂಬಿ ಮುಗಿಸಿದರು. ಪ್ಲಾಸ್ಟರ್ ಹಾಕಿದ ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಚಾರ್ಟಿನ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು ಅವರ ಕೈಗೆ ಸಿಗುವಂತೆ ಮಂಚಕ್ಕೆ ಒರಗಿಸಿದ್ದೆ. ಅವರು ಸರಿಯುವಂತಿರಲಿಲ್ಲ. ಹಾಗಾಗಿ ಕುಂಚ ಎಟುಕುವ ಕಡೆಗೆ ಮೀನನ್ನೇ ನಾನು ಸರಿಸಬೇಕಿತ್ತು.

"ಸ್ವಲ್ಪ ಮೇಲಕ್ಕೆತ್ತೇ."

"ಎತ್ತಿದೀನಲ್ರೀ."

"ಮೀನನ್ನ ಎತ್ತು ಅಂದೆ, ಹುಬ್ಬನ್ನಲ್ಲ."

ಅದು ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗಕ್ಕೆ ಬರೆಯುತ್ತಿದ್ದ ಚಾರ್ಟು. ಸಣ್ಣ ಜಾತಿಯ ಶಾರ್ಕ್ ಮೀನು ಅಂಗಾತ ಮಲಗಿದೆ, ತಲೆ ಮೇಲಕ್ಕೆ, ಬಾಲ ಕೆಳಕ್ಕೆ, ಹೊಟ್ಟೆ ತೆರೆದಿದೆ. ಒಳಗಿರುವುದರಲ್ಲಿ ಬೇರೆ ಏನನ್ನೂ ಹೆಚ್ಚು ತೋರಿಸಿಲ್ಲ, ಮೈಯ ಎಲ್ಲ ಕಡೆಯಿಂದ ಗುಂಡಿಗೆಗೆ ರಕ್ತ ವಾಪಸು ತರುವ ನಾಳಗಳನ್ನು ಮಾತ್ರ ತೋರಿಸಬೇಕು. ಆ ನಾಳಗಳಿಗೆಲ್ಲ ನೀಲಿ ಬಣ್ಣ. ಬಾಲದಿಂದ ಬಂದದ್ದು, ತಲೆಯಿಂದ ಇಳಿದದ್ದು, ಈಜುರೆಕ್ಕೆಗಳಿಂದ ಸೇರಿಕೊಂಡದ್ದು, ಎಲ್ಲ ಒಂದೊಂದಾಗಿ ತುಂಬಿ ಬಂದಿದ್ದವು. ಗುಂಡಿಗೆಯ ಎರಡೂ ಪಕ್ಕಕ್ಕೆ ಬಂದು ಕೂಡುವ ಗಿಡ್ಡನೆಯ, ಅಗಲವಾದ ಎರಡು ಅಡ್ಡನಾಳಗಳಿವೆ. ಅವುಗಳಲ್ಲಿ ಒಂದು ಮುಗಿದಿತ್ತು. ಇನ್ನೊಂದು ಪೆನ್ಸಿಲ್ ಗೆರೆಯಲ್ಲೇ ಇತ್ತು.

"ಇದೊಂದನ್ನೂ ತುಂಬಿ ಕೈ ತೊಳ್ಕೊಳ್ರೀ" ಎಂದೆ.

"ಕಿಟಕೀಲಿ ಬೆಳಕು ಹೋಯ್ತು ಕಣೇ. ನಾಳೆ ಬೆಳಗ್ಗೆ."

"ಟ್ಯೂಬ್‌ಲೈಟ್ ಹಾಕ್ಲಾ?"

"ಟ್ಯೂಬ್‌ಲೈಟಲ್ಲಿ ನೀಲಿ ಮೋಸ ಮಾಡುತ್ತೆ. ಅಲ್ದೆ ಎಲ್ಲಾ ಇವತ್ತೇ ಮುಗಿಸ್ಬಿಟ್ರೆ ನಾಳೆ ನಾನೇನು ನಿನ್ ಮುಖ ನೋಡ್ತಾ ಕೂತ್ಕೊಳ್ಲಾ?"

ಅವರು ಅಂಗಡಿಗಳಿಗೆ ಬೋರ್ಡು ಬರೆಯುವವರು. ಬೋರ್ಡಿನ ಕೊನೆಯ ಗೆರೆಯನ್ನು ಯಾವತ್ತೂ ಸಂಜೆ ಎಳೆಯುತ್ತಿರಲಿಲ್ಲ. ಶಿವಾಜಿನಗರದಲ್ಲಿ ಅವರಿಗೆ ಕೆಲಸ ಕಲಿಸಿದವರು ಹಾಗೆ ಮಾಡುತ್ತಿದ್ದರಂತೆ. ಬೆಳಿಗ್ಗೆ ಎದ್ದು, ಮುಖ ತೊಳೆದು, ಬಿಸಿಲು ಬೀಳುವ ಕಡೆ ಬೋರ್ಡು ತಿರುಗಿಸಿ, ದೂರ ನಿಂತು ನೋಡಿ, ಆಮೇಲೆ ಕೊನೆಯ ಗೆರೆ. ಅಂಗಡಿಯವರು ಎಷ್ಟೇ ಅವಸರ ಮಾಡಲಿ, ಇದು ತಪ್ಪುತ್ತಿರಲಿಲ್ಲ. ನಾನು ನೀಲಿಯ ಬಟ್ಟಲಿಗೆ ತಟ್ಟೆ ಮುಚ್ಚಿಟ್ಟೆ. ಸಂಜೆ ಅವಲಕ್ಕಿ ತಿಂದೆವು. ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸ್ಟಾರ್ಟ್ ಮಾಡಲಾಗದೆ ಬೈಯುತ್ತಿದ್ದುದನ್ನು ಕೇಳಿ ಇಬ್ಬರೂ ನಕ್ಕೆವು. ಆ ದಿನದಲ್ಲಿ ಅದಕ್ಕಿಂತ ಹೆಚ್ಚಿನದು ಏನೂ ನಡೆಯಲಿಲ್ಲ.

ಅವರು ಹಲಸೂರಿನವರು. ಮದುವೆಯ ಹೊತ್ತಿಗೇ ಅವರಿಗೆ ಬೋರ್ಡು ಬರೆಯುವವರೆಂದು ಹೆಸರಿತ್ತು. ಕನ್ನಡ, ಇಂಗ್ಲಿಷ್, ತಮಿಳು, ಉರ್ದು, ಯಾವುದಾದರೂ ಸರಿ. ಉರ್ದು ಓದಲು ಬರುತ್ತಿರಲಿಲ್ಲ, ಆದರೂ ಬರೆದರೆ ಶಿವಾಜಿನಗರದವರು ಮೆಚ್ಚುತ್ತಿದ್ದರು. ಹಲಸೂರಿನ ಬಾಡಿಗೆ ಏರಿದ ಮೇಲೆ ರಾಮಮೂರ್ತಿ ನಗರಕ್ಕೆ ಬಂದೆವು. ನಮಗೆ ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಒಂದು ನಮಗೆ, ಒಂದು ಬಣ್ಣದ ಡಬ್ಬಿಗಳಿಗೆ. ಮಲಗುವ ಕೋಣೆಗೂ ಟರ್ಪೆಂಟೈನ್ ವಾಸನೆ ಬರುತ್ತಿತ್ತು. ನನ್ನ ತಾಯಿ ಬಂದಾಗಲೆಲ್ಲ ಮೂಗು ಮುಚ್ಚಿಕೊಂಡೇ ಕಾಫಿ ಕುಡಿಯುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದಂತೆ ಫ್ಲೆಕ್ಸ್ ಬಂತು. ಇಂದಿರಾನಗರದ ಅಂಗಡಿಗಳವರು ಒಬ್ಬೊಬ್ಬರಾಗಿ ಕುಂಚದ ಬೋರ್ಡು ಇಳಿಸಿ ಮಿಷನ್ ಬೋರ್ಡು ಹಾಕಿಸಿದರು. ಆ ಸಮಯದಲ್ಲೇ ರಿಚರ್ಡ್ಸ್ ಟೌನಿನಲ್ಲಿ ಒಂದು ಮನೆಯ ಗೇಟಿಗೆ ಹೆಸರು ಬರೆಯಲು ಹೋದಾಗ ಅಲ್ಲಿಯ ಮೇಡಂ ಕೇಳಿದರಂತೆ, "ಚಾರ್ಟ್ ಬರೀತೀರಾ?" ಅವರು ಪ್ರಾಣಿಶಾಸ್ತ್ರ ಪಾಠ ಮಾಡುವವರು. ಕಾಲೇಜಿನ ಹಳೆಯ ಚಾರ್ಟುಗಳು ಮಡಿಕೆಯಲ್ಲಿ ಹರಿದು ಹೋಗಿದ್ದವು, ಅಚ್ಚಿನಲ್ಲಿ ಬರುವವು ಹಿಂದಿನ ಬೆಂಚಿಗೆ ಕಾಣುತ್ತಿರಲಿಲ್ಲ. ಇವರು ಏನೂ ಯೋಚಿಸದೆ ಹೂಂ ಅಂದು ಬಂದರು. ಮನೆಗೆ ಬಂದ ಮೇಲೆ ನನ್ನನ್ನು ಕೇಳಿದರು, "ಮೀನಿಗೆ ಗುಂಡಿಗೆ ಎಲ್ಲಿರುತ್ತೇ?"

ನನಗೆ ಗೊತ್ತಿತ್ತು. ಮೀನು ಕ್ಲೀನ್ ಮಾಡುವ ಯಾವ ಹೆಂಗಸಿಗೂ ಗೊತ್ತಿರುತ್ತದೆ. ಕಿವಿರಿನ ಹಿಂದೆ, ಗಂಟಲ ಕೆಳಗೆ, ಚಿಕ್ಕ ಕೆಂಪು ಗಂಟು. ಆದರೆ ಅದಕ್ಕೆ ದಾರಿಗಳು ಎಲ್ಲಿಂದ ಬರುತ್ತವೆ ಎನ್ನುವುದು ನನಗೂ ತಿಳಿದಿರಲಿಲ್ಲ.

ಮೊದಲ ಚಾರ್ಟನ್ನು ಅವರು ಪುಸ್ತಕದ ಚಿತ್ರ ನೋಡಿ ಬರೆದರು. ಬಹಳ ಚೆನ್ನಾಗಿ ಬಂದಿದೆ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು. ನೋಡಲು ಮೇಡಂ ನಮ್ಮ ಮನೆಗೇ ಬಂದರು. ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು.

"ಒಂದೊಂದು ನೀಲಿ ವೇನ್ ಪಕ್ಕಾನೂ ಇನ್ನೊಂದು ಬೂದು ಬಣ್ಣದ ವೇನ್ ಇದೆಯಲ್ಲ, ಅದೇನು?"

"ಅದು ನೆರಳು ಮೇಡಂ. ಎದ್ದು ಕಾಣ್ಲಿ ಅಂತ."

"ಮೀನಿನ ಹೊಟ್ಟೆ ಒಳಗೆ ಎಲ್ಲಿಂದ ಬಂತ್ರೀ ಬಿಸಿಲು?"

ಅಕ್ಷರಕ್ಕೆ ನೆರಳು ಕೊಟ್ಟು ಕೊಟ್ಟು ಕೈ ಹಾಗೆ ಕೂತುಬಿಟ್ಟಿತ್ತು. ಇನ್ನೂ ಒಂದು ತಪ್ಪಿತ್ತು. ಬೋರ್ಡು ಬರೆಯುವವರಿಗೆ ಎಡ ಅಂದರೆ ನೋಡುವವರ ಎಡ. ಚಾರ್ಟಿನಲ್ಲೂ ಎಡ, ಬಲ ಎಂದು ಹಾಗೆಯೇ ಬರೆದಿದ್ದರು. ಮೇಡಂ ನನ್ನನ್ನು ಕರೆದು ನನ್ನ ಗಂಡನ ಎದುರಿಗೆ ಕೂರಿಸಿದರು. "ನಿಮ್ಮ ಹೆಂಡ್ತಿ ಎಡಗೈ ಎಲ್ಲಿದೆ ತೋರಿಸಿ." ಅವರು ತಮ್ಮ ಬಲಗಡೆಗೆ ಕೈ ತೋರಿಸಿದರು. "ಮೀನೂ ಹಾಗೇ ನಿಮ್ಮೆದುರಿಗೆ ಮಲಗಿರೋದು. ಅದರ ಎಡ ನಿಮ್ಮ ಬಲ" ಎಂದರು ಮೇಡಂ.

"ಅಯ್ಯೋ, ನಾನು ಮೀನನ್ನ ಬೋರ್ಡ್ ಅಂದ್ಕೊಂಡೆ ಮೇಡಂ. ಅದೂ ಎದುರಿಗೆ ಕೂತಿರೋರ ತರ ಅಂತ ಹೊಳೀಲಿಲ್ಲ."

ಆಮೇಲೆ ಮನೆಯಲ್ಲಿ ಉಪ್ಪಿನ ಡಬ್ಬಿ ಎಡಗಡೆ ಇದೆ ಎಂದು ನಾನು ಹೇಳಿದರೂ "ನನ್ನ ಎಡಾನೋ, ಮೀನಿನ ಎಡಾನೋ?" ಎನ್ನುವುದು ಅವರ ಅಭ್ಯಾಸವಾಯಿತು.

ಚಿತ್ರ ನೋಡಿ ಬರೆದರೆ ಸಾಲದು ಎಂದು ಅವರಿಗೇ ಅನಿಸಿ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗತೊಡಗಿದರು. ಆ ಸಣ್ಣ ಶಾರ್ಕನ್ನು ಅಲ್ಲಿ ತಮಿಳಿನಲ್ಲಿ ಪಾಲ್ ಸುರಾ, ಹಾಲು ಶಾರ್ಕ್, ಎನ್ನುತ್ತಾರೆ. ಹೆರಿಗೆಯಾದ ಹೆಂಗಸರಿಗೆ ಹಾಲು ಬರಲಿ ಎಂದು ಅದನ್ನು ಬೇಯಿಸಿ ಪುಡಿ ಮಾಡಿ, ಬೆಳ್ಳುಳ್ಳಿ ಹಾಕಿ ಹುರಿದು ಕೊಡುತ್ತಾರೆ. ಇವರು ತಿಂಗಳಿಗೊಮ್ಮೆ ಹೋಗಿ ಅದನ್ನೇ ಕೇಳುವುದು ನೋಡಿ ಮೀನು ಮಾರುವ ಅಜ್ಜಿ ಬಿಡಲಿಲ್ಲ.

"ಏನ್ ಸಾಮಿ, ಮತ್ತೆ ಬಾಣಂತಿನಾ? ವರ್ಷಕ್ಕೆ ಎಷ್ಟು ಪುಳ್ಳೆ, ಎಷ್ಟು ಮಗು ನಿಮ್ಮನೇಲಿ?"

ಮನೆಗೆ ಬಂದು ಮೊದಲ ಸಲ ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನೂ ಒಲೆಯ ಕಡೆ ತಿರುಗಿದೆ. ಮುಂದಿನ ಸಲ ಅವರೇ ಅಜ್ಜಿಗೆ ಹೇಳಿದರಂತೆ, "ಈ ಸಲ ಹುಟ್ಟೋದು ನೀಲಿ ಬಣ್ಣದ್ದು ಅಜ್ಜಿ, ಗೋಡೆಗೆ ನೇತುಹಾಕ್ತೀವಿ." ಅಜ್ಜಿಗೆ ಏನೂ ಅರ್ಥವಾಗದೆ ಒಂದು ಮೀನನ್ನು ಹೆಚ್ಚಿಗೆ ಹಾಕಿ ಕಳಿಸಿದಳಂತೆ. ಅದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಆವತ್ತಿನಿಂದ ಅವರು ಮೀನು ತಂದಾಗಲೆಲ್ಲ ನಾನು "ಬಾಣಂತಿ ಊಟ ಬಂತು" ಎನ್ನುತ್ತಿದ್ದೆ.

ಬೇಯಿಸುವ ಮೊದಲು ಅದನ್ನು ಹಲಗೆಯ ಮೇಲೆ ಅಂಗಾತ ಮಲಗಿಸಿ ಅವರು ನೋಡುತ್ತಿದ್ದರು. ಸತ್ತ ಮೀನಿನಲ್ಲಿ ನೀಲಿ ದಾರಿಗಳೇನೂ ಕಾಣುವುದಿಲ್ಲ. ರಕ್ತವಿಲ್ಲದ ನಾಳ ಒದ್ದೆ ಬಟ್ಟೆಯ ಹಾಗೆ ಮುದುಡಿಕೊಂಡಿರುತ್ತದೆ. ಒಂದು ದಿನ ಬೆನ್ನುಮೂಳೆಗೆ ಅಂಟಿಕೊಂಡಿರುವ ಕಡುಗೆಂಪು ಪಟ್ಟಿಯನ್ನು ನಾನು ಉಗುರಿನಿಂದ ಕೆರೆಯುತ್ತಿದ್ದೆ. ಹೆಪ್ಪುಗಟ್ಟಿದ ರಕ್ತ ಅದು, ಬಿಟ್ಟರೆ ಸಾರು ಕಹಿಯಾಗುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದರು. ನನ್ನ ಗಂಡ ಕೈ ಹಿಡಿದರು.

"ಏಯ್, ಅದು ರಕ್ತ ಅಲ್ಲ ಕಣೇ, ಕಿಡ್ನಿ. ಮೇಡಂ ತೋರಿಸಿದ್ರು. ಅದೇ ನಂಗೆ ಬೇಕಾಗಿರೋದು."

"ಕಿಡ್ನಿ ಇಟ್ಕೊಂಡು ಏನ್ ಮಾಡ್ತೀರಾ?"

"ಬಾಲದ ರಕ್ತ ಅಲ್ಲಿಗೇ ಬರೋದು."

ಅದರ ವಿವರವನ್ನು ಅವರು ಕಾಲೇಜಿನ ಲ್ಯಾಬಿನಲ್ಲಿ ನೋಡಿ ಬಂದು ಹೇಳಿದರು. ಮೇಡಂ ಒಂದು ಮೀನಿನ ಬಾಲ ಕತ್ತರಿಸಿ, ಅಲ್ಲಿಯ ನಾಳಕ್ಕೆ ಸಿರಿಂಜಿನಿಂದ ನೀಲಿ ಬಣ್ಣ ತುಂಬಿದರಂತೆ. ಮುದುಡಿದ್ದ ನಾಳ ಉಬ್ಬಿಕೊಂಡು ಮೇಲಕ್ಕೆ ಏರಿ, ಎರಡಾಗಿ ಒಡೆದು, ಒಂದೊಂದು ಕಿಡ್ನಿಯ ಪಕ್ಕಕ್ಕೆ ಒಂದೊಂದು ಹೋಯಿತಂತೆ. ಹೋಗಿ ಅಲ್ಲೇ ನಿಂತಿತಂತೆ. ಇವರು ಇನ್ನೂ ಮೇಲಕ್ಕೆ ಬರುತ್ತದೆಂದು ಬಗ್ಗಿ ಕಾಯುತ್ತಿದ್ದರು. ಮೇಡಂ, "ಇನ್ನು ಬರಲ್ಲ ರೀ. ಅದು ಕಿಡ್ನಿ ಒಳಗೆ ಕೂದಲಿಗಿಂತ ಸಣ್ಣ ನಾಳಗಳಾಗಿ ಹರಡಿಬಿಡುತ್ತೆ. ಬಣ್ಣ ದಾಟಲ್ಲ. ರಕ್ತ ಮಾತ್ರ ನಿಧಾನಕ್ಕೆ ದಾಟಿ, ಆಚೆ ಕಡೆ ಬೇರೆ ನಾಳ ಸೇರಿ, ಹಾರ್ಟ್‌ಗೆ ಹೋಗುತ್ತೆ" ಎಂದರಂತೆ.

ಅವರಿಗೆ ಇದು ಬಹಳ ಹಿಡಿಸಿತು. ಎಷ್ಟೋ ದಿನ ಅದನ್ನೇ ಹೇಳಿದರು. ಚಪಾತಿಯ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು. "ನೋಡು, ಬಾಲದ್ದು ಸೀದಾ ಎದೆಗೆ ಹೋಗೋ ಹಾಗಿಲ್ಲ. ಕೆ.ಆರ್. ಪುರಂ ಕಡೆಯಿಂದ ಬರೋ ಲಾರಿ ಚೆಕ್‌ಪೋಸ್ಟಲ್ಲಿ ನಿಂತು ಬರುತ್ತಲ್ಲ, ಹಂಗೆ. ಹೊಟ್ಟೆಯಿಂದ ಬರೋದು ಲಿವರಲ್ಲಿ ನಿಂತು ಬರುತ್ತೆ. ತಲೆದು ಮಾತ್ರ ಯಾರನ್ನೂ ಕೇಳಲ್ಲ, ಸೀದಾ ಇಳಿಯುತ್ತೆ. ಕೊನೆಗೆ ಹಿಂದಿಂದ ಬಂದಿದ್ದೂ ಮುಂದಿಂದ ಬಂದಿದ್ದೂ ಈ ಅಡ್ಡನಾಳದಲ್ಲಿ ಸೇರಿ ಗುಂಡಿಗೆ ಒಳಗೆ. ಮೀನಿನ ಗುಂಡಿಗೆಗೆ ಒಳ್ಳೇ ರಕ್ತ ಬರೋದೇ ಇಲ್ಲ, ಗೊತ್ತಾ? ಬರೀ ಕೆಟ್ಟದ್ದು ಬರುತ್ತೆ. ಅದು ಅದನ್ನ ಕಿವಿರಿಗೆ ತಳ್ಳುತ್ತೆ. ಒಳ್ಳೇದಾದ್ಮೇಲೆ ಅದು ಮೈಗೆಲ್ಲ ಹೋಗುತ್ತೆ, ಗುಂಡಿಗೆ ಕಡೆ ತಿರುಗಿಯೂ ನೋಡಲ್ಲ."

"ನನ್ನ ಹಾಗೆ" ಎಂದೆ.

"ನಿನ್ನ ಹಾಗೆ ಹೆಂಗೇ?"

"ಕೊಳೆ ಬಟ್ಟೆ ಎಲ್ಲಾ ನನ್ನ ಹತ್ರ ಬರುತ್ತೆ. ಒಗೆದ ಮೇಲೆ ಹಾಕ್ಕೊಂಡು ನೀವು ಊರು ಸುತ್ತಕ್ಕೆ ಹೋಗ್ತೀರಾ."

ಅವರು ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಂಡಿದರು.

ಏಣಿಯ ಮೇಲೆ ನಿಂತು ನಿಂತು ಅವರ ಕಾಲಿನ ಮೀನಖಂಡದಲ್ಲಿ ನರಗಳು ಉಬ್ಬಿ ಸುರುಳಿಯಾಗಿದ್ದವು. ನಾವು ಅವನ್ನು ನರ ಎಂದೇ ಕರೆಯುತ್ತಿದ್ದೆವು, ಅವೂ ನೀಲಿ ನಾಳಗಳೇ ಎಂದು ಚಾರ್ಟು ಬರೆದ ಮೇಲೆ ತಿಳಿಯಿತು. ಸಂಜೆ ಹರಳೆಣ್ಣೆ ಬೆಚ್ಚಗೆ ಮಾಡಿ ಪಾದದಿಂದ ಮೊಣಕಾಲಿನ ಕಡೆಗೆ ನೀವುತ್ತಿದ್ದೆ. ಅದನ್ನೂ ಅವರು ಮೇಡಂ ಹತ್ತಿರ ಕೇಳಿಕೊಂಡು ಬಂದರು. ಮೀನು ನೀರಿನಲ್ಲಿ ಮಲಗಿದ ಹಾಗೆ ಇರುತ್ತದೆ, ಅದರ ರಕ್ತ ಹತ್ತುವುದೇನೂ ಇಲ್ಲ. ಮನುಷ್ಯ ನಿಂತಿರುತ್ತಾನೆ, ಪಾದದಿಂದ ಎದೆಯವರೆಗೆ ರಕ್ತ ಹತ್ತಿ ಬರಬೇಕು.

"ಹತ್ತಿ ಹತ್ತಿ ಸುಸ್ತಾಗುತ್ತಂತೆ ಕಣೇ ಅದಕ್ಕೂ. ನನ್ನ ತರಾನೇ ಏಣಿ ಕೆಲಸ. ಮುಂದಿನ ಜನ್ಮಕ್ಕೆ ಮೀನಾಗಿಬಿಡ್ತೀನಿ."

"ಆಗಿ. ಆ ಅಜ್ಜಿ ಬುಟ್ಟಿಲಿ ಸಿಗ್ತೀರಾ. ನಾನೇ ಬಂದು ತಗೊಂಡು ಹೋಗ್ತೀನಿ."

ದೊಮ್ಮಲೂರಿನಲ್ಲಿ ಒಂದು ಬೇಕರಿಯ ಮೇಲೆ ಬರೆಯುತ್ತಿದ್ದಾಗ ಏಣಿ ಜಾರಿತು. ಎಡಗಾಲಿನ ಮೂಳೆ ಮುರಿಯಿತು, ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಅದು ಅಂಥ ದೊಡ್ಡ ವಿಷಯವೆಂದು ಯಾರಿಗೂ ಅನಿಸಲಿಲ್ಲ. ಮೂಳೆ ತಾನೇ, ಕೂಡುತ್ತದೆ. ಅವರ ಸ್ನೇಹಿತರು ಬಂದು ಪ್ಲಾಸ್ಟರಿನ ಮೇಲೆ ಅಂಗಡಿಗಳ ಹೆಸರು ಬರೆದು, ನೆರಳೂ ಕೊಟ್ಟು, "ಮಗಾ, ಇನ್ಮೇಲೆ ನೀನೇ ಬೋರ್ಡು" ಎಂದು ನಗಿಸಿ ಹೋದರು. ನನಗಂತೂ ಅವರು ಇಡೀ ದಿನ ಮನೆಯಲ್ಲಿರುವುದು ಮದುವೆಯಾದ ಮೇಲೆ ಅದೇ ಮೊದಲು. ಮೇಡಂಗೆ ನೀಲಿ ಚಾರ್ಟಿನ ಇನ್ನೊಂದು ಪ್ರತಿ ಬೇಕಿತ್ತು. ಹಳೆಯದರ ಮೇಲೆ ಮಳೆ ನೀರು ಸೋರಿತ್ತು. ಕಾಲು ಕಟ್ಟಿಹಾಕಿದ್ದರೇನು, ಕೈ ಇದೆಯಲ್ಲ ಎಂದು ಇವರು ಕೂತರು. ನಾನು ಬಟ್ಟೆಗೆ ಸುಣ್ಣದ ಪುಡಿ ಮತ್ತು ಗೋಂದು ಬಳಿದು ಒಣಗಿಸಿದೆ. ಗಾಢವಾದ ನೀಲಿಗೆ ಬಿಳಿ ಸೇರಿಸಿ ಅವರು ಬಟ್ಟಲಲ್ಲಿ ಕಲಸಿದರು. ಕಲಸುವಾಗ ಮಾತನಾಡುತ್ತಿರಲಿಲ್ಲ. ಕಿಟಕಿಯ ಹತ್ತಿರ ಹಿಡಿದು, ಒಂದು ಚೂರು ಕಪ್ಪು ಹಾಕಿ, ಮತ್ತೆ ಕಲಸಿ, "ಹಾಂ" ಎಂದರೆ ಅದು ಆಯಿತು.

ಮಧ್ಯಾಹ್ನ ಬಲಗಡೆ ಮುಗಿಸಿ ನನ್ನನ್ನು ನಗಿಸಿದ ದಿನದ ಮಾರನೆಯ ಬೆಳಿಗ್ಗೆ ಅವರು ಮುಖ ತೊಳೆದುಕೊಂಡು ಕಿಟಕಿಯ ಪಕ್ಕ ಕೂತರು. ಕಾಫಿ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು. ನಾನು ನೀಲಿಯ ಬಟ್ಟಲಿನ ಮೇಲಿನ ತಟ್ಟೆ ತೆಗೆಯುತ್ತಿದ್ದೆ. "ಉಸಿರು ಸಿಗ್ತಿಲ್ಲ ಕಣೇ" ಎಂದರು. ತಮಾಷೆಯ ಧ್ವನಿಯಲ್ಲ. ಬೀದಿಯವರು ಆಟೋ ತಂದರು, ಇಬ್ಬರು ಅವರನ್ನು ಎತ್ತಿ ಕೂರಿಸಿದರು. ಆಸ್ಪತ್ರೆಯ ಬಾಗಿಲಿಗೆ ಹೋಗುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಅವರ ಕೈ ನನ್ನನ್ನು ಹಿಡಿದಿರಲಿಲ್ಲ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ನನ್ನನ್ನು ಕೂರಿಸಿ, ನನಗೆ ತಿಳಿಯುವ ಹಾಗೆ ಹೇಳಲು ಕಷ್ಟಪಟ್ಟರು.

"ಅಮ್ಮ, ಕಾಲು ಅಲ್ಲಾಡಿಸದೆ ಇಟ್ಟಾಗ ಕೆಲವರಿಗೆ ಒಳಗಡೆ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಕಾಲಿನ ವೇನ್‌ನಿಂದ ಹೊರಟು, ಹಾರ್ಟ್ ದಾಟಿ, ಶ್ವಾಸಕೋಶದಲ್ಲಿ ಹೋಗಿ ಸಿಕ್ಕಿಕೊಂಡಿದೆ."

ಅವರು ಹೇಳಿ ಮುಗಿಸುವ ಮೊದಲೇ ನನಗೆ ದಾರಿ ಕಂಡಿತು. ಕೆಳಗಿನಿಂದ ಮೇಲಕ್ಕೆ, ನೀಲಿ. ಗುಂಡಿಗೆಗೆ, ಗುಂಡಿಗೆಯಿಂದ ಉಸಿರಿನ ಜಾಗಕ್ಕೆ. ಮೀನಿಗೆ ಕಿವಿರು ಇರುವಲ್ಲಿ ನಮಗೆ ಶ್ವಾಸಕೋಶ.

"ದಾರೀಲಿ ಎಲ್ಲೂ ನಿಲ್ಲಲ್ವಾ ಸಾರ್?" ಎಂದು ಕೇಳಿದೆ.

ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲವೇನೋ. "ಇಲ್ಲಮ್ಮ. ಸೀದಾ ಹೋಗುತ್ತೆ" ಎಂದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಮೇಡಂ ಬಂದರು. ಚಾರ್ಟು ಮಂಚಕ್ಕೆ ಒರಗಿಕೊಂಡೇ ಇತ್ತು, ಯಾರೂ ಅದನ್ನು ಸರಿಸಿರಲಿಲ್ಲ. ಮೇಡಂ ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ನೆಲದ ಮೇಲೆ ನನ್ನ ಪಕ್ಕ ಕೂತರು. ನಾನು ಅವರನ್ನೂ ಅದೇ ಕೇಳಿದೆ.

"ಮೀನಾಗಿದ್ರೆ ಆ ಹೆಪ್ಪು ಕಿಡ್ನಿಲೇ ನಿಲ್ತಿತ್ತಲ್ವಾ ಮೇಡಂ?"

ಅವರು ಪಾಠ ಮಾಡುವವರು, ಸುಳ್ಳು ಹೇಳಲು ಬರುವುದಿಲ್ಲ. "ಬಾಲದಿಂದ ಬಂದಿದ್ರೆ ಅಲ್ಲೇ ನಿಲ್ತಿತ್ತು. ಮೀನಿಗಿದೆ, ಕಪ್ಪೆಗಿದೆ. ನಮಗೆ ಆ ವ್ಯವಸ್ಥೆ ಇಲ್ಲಮ್ಮ" ಎಂದರು. ನಂತರ ನನ್ನ ಕೈ ಹಿಡಿದುಕೊಂಡರು. ಅವರು ಹೇಳಿದ್ದರಿಂದ ಏನೂ ಸಮಾಧಾನವಾಗಲಿಲ್ಲ, ಆದರೂ ಹೇಳಿದ್ದು ಒಳ್ಳೆಯದಾಯಿತು. ಅಲ್ಲಿಯವರೆಗೆ ಬಂದವರೆಲ್ಲ ಹಣೆಬರಹ ಎಂದಿದ್ದರು.

ಹೋಗುವಾಗ ಮೇಡಂ, "ಇದೊಂದು ಚೂರು ನೀವೇ ತುಂಬಿಬಿಡಿ. ಅವರ ಜೊತೆ ಎಷ್ಟು ಸಲ ತುಂಬಿಲ್ಲ ನೀವು" ಎಂದರು. ಅದು ನಿಜ. ಗೆರೆ ಅವರು ಎಳೆದರೆ ಒಳಗೆ ಎಷ್ಟೋ ಸಲ ನಾನು ಬಣ್ಣ ತುಂಬಿದ್ದೆ. ನನಗೂ ಮುಗಿಸಬೇಕೆಂದಿತ್ತು. ಅವರು ಬೆಳಿಗ್ಗೆಗೆ ಬಿಟ್ಟ ಗೆರೆ ಅದು, ಹಾಗೇ ಉಳಿದರೆ ಅವರು ಅರ್ಧ ಕೆಲಸ ಬಿಟ್ಟು ಹೋದವರಾಗುತ್ತಾರೆ ಎನಿಸುತ್ತಿತ್ತು.

ಬಟ್ಟಲಿನ ನೀಲಿ ಒಣಗಿ ಬಿರುಕು ಬಿಟ್ಟಿತ್ತು. ಹೊಸದಾಗಿ ಕಲಸಿದೆ. ಬೆಳಗಿನ ಬೆಳಕಿಗೆ ಚಾರ್ಟನ್ನು ತಿರುಗಿಸಿ, ಬಟ್ಟೆಯ ಅಂಚಿನಲ್ಲಿ ಒಂದು ಬೊಟ್ಟು ಇಟ್ಟು ನೋಡಿದೆ. ಹಸಿಯಿದ್ದಾಗ ಅದೇ ನೀಲಿ. ಒಣಗಿದ ಮೇಲೆ ಪಕ್ಕದ ನಾಳಕ್ಕಿಂತ ಒಂದು ಛಾಯೆ ತಿಳಿಯಾಯಿತು. ಮಾರನೆಯ ಬೆಳಿಗ್ಗೆ ಒಂದು ಚೂರು ಕಪ್ಪು ಹಾಕಿದೆ, ಒಣಗಿದಾಗ ಮಂಕಾಯಿತು. ಅವರು ಬಳಸುತ್ತಿದ್ದ ಡಬ್ಬಿಗಳೇ, ಅದೇ ಬಟ್ಟಲು, ಅದೇ ಕಿಟಕಿ. ಪಕ್ಕದಲ್ಲೇ ನಿಂತು ಎಷ್ಟೋ ವರ್ಷ ನೋಡಿದ್ದೇನೆ. "ಹಾಂ" ಎನ್ನುವ ಮೊದಲು ಅವರು ಏನು ನೋಡುತ್ತಿದ್ದರು ಎನ್ನುವುದು ಮಾತ್ರ ನನಗೆ ಗೊತ್ತಿಲ್ಲ. ಶಿವಾಜಿನಗರದ ಅವರ ಸ್ನೇಹಿತರೊಬ್ಬರು ಬಂದು, "ಭಾಭಿ, ನಾನು ತುಂಬ್ತೀನಿ ಬಿಡಿ" ಎಂದು ಕಲಸಿ, ಅಂಚಿನಲ್ಲಿ ತಾವೂ ಒಂದು ಬೊಟ್ಟು ಇಟ್ಟರು. ಒಣಗುವವರೆಗೆ ಚಹಾ ಕುಡಿದರು. ನೋಡಿ ತಲೆ ಅಲ್ಲಾಡಿಸಿದರು. "ಇಲ್ಲ ಭಾಭಿ. ಇದು ಅವನ ನೀಲಿ ಅಲ್ಲ" ಎಂದು ಕುಂಚವನ್ನು ಟರ್ಪೆಂಟೈನಿನಲ್ಲಿ ತೊಳೆದು, ಒರೆಸಿ, ನನ್ನ ಗಂಡ ಇಡುತ್ತಿದ್ದ ಡಬ್ಬಿಯಲ್ಲೇ ಇಟ್ಟು ಹೋದರು.

ಕಾಲೇಜು ಶುರುವಾಗುವ ಹೊತ್ತಿಗೆ ಅಂಚಿನ ತುಂಬ ಬೊಟ್ಟುಗಳಾಗಿದ್ದವು. ಮೇಡಂ ಅದನ್ನು ಹಾಗೆಯೇ ತೆಗೆದುಕೊಂಡು ಹೋದರು. ಒಮ್ಮೆ ನನ್ನನ್ನು ಕರೆಸಿದರು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದೆ. ಮೇಡಂ ಕೋಲು ಹಿಡಿದು ಬಾಲದಿಂದ ಶುರು ಮಾಡಿ, ಕಿಡ್ನಿಯ ಹತ್ತಿರ ನಿಲ್ಲಿಸಿ, ಆಚೆಯಿಂದ ಮತ್ತೆ ಹೊರಟು, ಗುಂಡಿಗೆಯವರೆಗೆ ಹೋದರು. ಹಿಂದಿನ ಬೆಂಚಿಗೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಒಬ್ಬ ಹುಡುಗಿ ಎದ್ದು ನಿಂತು, "ಮ್ಯಾಮ್, ಅದರಲ್ಲಿ ರಕ್ತ ಹೋಗಲ್ವಾ?" ಎಂದು ಆ ಬಿಳಿ ಜಾಗ ತೋರಿಸಿದಳು. "ಹೋಗುತ್ತೆ. ಎರಡೂ ಕಡೆ ಒಂದೇ ಸಮ ಹೋಗುತ್ತೆ. ಬಲಗಡೆದು ನೋಡಿ ತಿಳ್ಕೊಳ್ಳಿ" ಎಂದರು ಮೇಡಂ.

ಈಗಲೂ ಮೀನು ತಂದರೆ ಬೆನ್ನುಮೂಳೆಯ ಕೆಳಗಿನ ಕೆಂಪು ಪಟ್ಟಿಯ ಹತ್ತಿರ ನನ್ನ ಉಗುರು ನಿಲ್ಲುತ್ತದೆ. ಸ್ವಲ್ಪ ಹೊತ್ತು ನಿಂತು, ಸಾರು ಕಹಿಯಾಗಬಾರದೆಂದು ಕೆರೆದು ತೆಗೆಯುತ್ತೇನೆ.

ಚಾರ್ಟು ಕಾಲೇಜಿನಲ್ಲೇ ಇದೆ. ಮೀನಿನ ಎಡಗಡೆಯ, ನೋಡುವವರ ಬಲಗಡೆಯ ಅಡ್ಡನಾಳಕ್ಕೆ ಇನ್ನೂ ನೀಲಿ ತುಂಬಿಲ್ಲ.